ಗೋಡೌನ್ ಲೆಕ್ಕದ ಕಂಪ್ಯೂಟರ್: ಹೊಸ ವರ್ಷನ್‌ಗೆ ಹೋಗಿ, ವಾಪಸ್ ಬಂದು, ಮತ್ತೆ ಹೋಗಿದ್ದು

ನಮ್ಮ ಗುಂಪಿನ ಮೂರ್ನಾಲ್ಕು ಜನ ಫೋನ್ ಮಾಡಿ ಕೇಳಿದ್ರು, "ಗೋಡೌನ್ ಕಂಪ್ಯೂಟರ್ ಚೆನ್ನಾಗೇ ಓಡ್ತಿತ್ತಲ್ಲ, ಯಾಕೆ ಮುಟ್ಟಿದ್ರಿ? ಆಮೇಲೆ ಒಂದು ದಿನ ಯಾಕೆ ಹಳೇದನ್ನೇ ಮತ್ತೆ ಹಾಕಿದ್ರಿ?" ಒಬ್ಬೊಬ್ಬರಿಗೂ ಹೇಳೋ ಬದಲು ಇಲ್ಲೇ ಬರೀತೀನಿ. ಸ್ವಲ್ಪ ಉದ್ದ ಆಗುತ್ತೆ.

ನಾವು ಎಂಟ್ರಿ ಹೊಡೆಯೋ ಪರದೆ ಬೇರೆ, ಅದರ ಹಿಂದೆ ಲೆಕ್ಕ ಕೂಡಿಡೋ ಉಗ್ರಾಣ ಬೇರೆ. ಆ ಉಗ್ರಾಣವೇ ಡೇಟಾಬೇಸ್. ನಮ್ಮದು ಪೋಸ್ಟ್‌ಗ್ರೆಸ್ ಅನ್ನೋದು, ದುಡ್ಡು ಕೊಡಬೇಕಾಗಿಲ್ಲ. ಯಾರ ಕೊಬ್ಬರಿ ಎಷ್ಟು ಚೀಲ ಬಂತು, ತೂಕ ಎಷ್ಟು, ಮುಂಗಡ ಯಾರು ಎಷ್ಟು ತಗೊಂಡ್ರು, ಎಲ್ಲಾ ಅದರಲ್ಲೇ. ಚೀಟಿ ಕಳ್ಕೊಂಡವರಿಗೆ, ಗಂಡ ತೀರಿಕೊಂಡ ಮೇಲೆ ಲೆಕ್ಕ ಕೇಳೋಕೆ ಬರೋ ಹೆಣ್ಣುಮಕ್ಕಳಿಗೆ ಅದೊಂದೇ ಸಾಕ್ಷಿ. ಹಾಗಾಗಿ ಮುಟ್ಟೋಕೆ ನನಗೂ ಭಯವೇ ಇತ್ತು.

ಮುಟ್ಟಿದ್ದು ಯಾಕೆ ಅಂದ್ರೆ, ಪೋಸ್ಟ್‌ಗ್ರೆಸ್‌ನ ಒಂದೊಂದು ದೊಡ್ಡ ವರ್ಷನ್‌ಗೂ ಐದು ವರ್ಷ ಮಾತ್ರ ರಿಪೇರಿ ಸಿಗುತ್ತೆ. ನಮ್ಮದು 12, ಅದು 2019ರಲ್ಲಿ ಬಂದಿದ್ದು. 2024ರ ನವೆಂಬರ್‌ಗೆ ಅದರ ಕಥೆ ಮುಗೀತು. ಇನ್ಮೇಲೆ ತೂತು ಬಿದ್ರೂ ಮುಚ್ಚೋರಿಲ್ಲ. ಕಂಪ್ಯೂಟರ್‌ನಲ್ಲಿದ್ದ ಉಬುಂಟು 20.04ಕ್ಕೂ ವಯಸ್ಸಾಗಿತ್ತು. ಹೊಸ ಪೆಟ್ಟಿಗೆಗೆ ಉಬುಂಟು 24.04 ಹಾಕಿಸಿದ್ವಿ, ಅದರ ಜೊತೆ ಬರೋದೇ ಪೋಸ್ಟ್‌ಗ್ರೆಸ್ 16. ಅದಕ್ಕಿಂತ ಹೊಸದು 17 ಇದೆ, ಗೊತ್ತು. ಬೇರೆಯವರ ಹೊಲದಲ್ಲಿ ಒಂದೆರಡು ಬೆಳೆ ತೆಗೆದ ತಳೀನೇ ನನಗಿಷ್ಟ.

ಇಲ್ಲೊಂದು ವ್ಯತ್ಯಾಸ ತಿಳ್ಕೊಳ್ಳಿ. 12.5ರಿಂದ 12.22ಕ್ಕೆ ಹೋಗೋದು ಪಂಪಿನ ವಾಷರ್ ಬದಲಿಸಿದ ಹಾಗೆ. ಪ್ರೋಗ್ರಾಂ ಬದಲಾಗುತ್ತೆ, ಲೆಕ್ಕದ ಫೈಲುಗಳು ಇದ್ದ ಹಾಗೇ ಇರ್ತವೆ. 12ರಿಂದ 16ಕ್ಕೆ ಹೋಗೋದು ಹಾಗಲ್ಲ. ಒಳಗೆ ಫೈಲು ಜೋಡಿಸೋ ರೀತಿಯೇ ಬೇರೆ, 12ರ ಫೋಲ್ಡರ್ ತಂದು 16ಕ್ಕೆ ಕೊಟ್ರೆ ಶುರುನೇ ಆಗಲ್ಲ.

ದಾರಿ ಎರಡಿವೆ. ಒಂದು ಪಿಜಿ-ಅಪ್‌ಗ್ರೇಡ್, ಬೇಗ ಮುಗಿಯುತ್ತೆ. ಅದರಲ್ಲಿ 'ಲಿಂಕ್' ಅಂತ ಇನ್ನೂ ಬೇಗದ ದಾರಿ ಇದೆ, ಅದಕ್ಕೆ ಮಾತ್ರ ಹುಷಾರು. ಹಳೇದು ಹೊಸದು ಎರಡೂ ಒಂದೇ ಫೈಲುಗಳನ್ನ ಹಂಚಿಕೊಳ್ತವೆ, ಹೊಸದನ್ನ ಒಂದು ಸಲ ಶುರು ಮಾಡಿದ್ರೆ ಹಳೇದನ್ನ ಮತ್ತೆ ಬಳಸೋ ಹಾಗಿಲ್ಲ. ನೂರಾರು ಜಿಬಿ ಲೆಕ್ಕ ಇರೋರಿಗೆ ಅದು ಬೇಕಾಗಬಹುದು, ನಮ್ಮ ಗೋಡೌನ್‌ಗೆ ಬೇಡ. ಇನ್ನೊಂದು ಪಿಜಿ-ಡಂಪ್: ಇರೋ ಲೆಕ್ಕವನ್ನೆಲ್ಲ ಒಂದು ಫೈಲಿಗೆ ಸುರಿದು, ಹೊಸ ಪೆಟ್ಟಿಗೆಯಲ್ಲಿ ಮತ್ತೆ ತುಂಬೋದು. ಸುರಿಯೋಕೆ ಹೊಸ ವರ್ಷನ್‌ನ ಡಂಪ್ ಪ್ರೋಗ್ರಾಮನ್ನೇ ಬಳಸಬೇಕು, ಅದಕ್ಕೆ ಹಳೇದನ್ನ ಓದೋಕೆ ಬರುತ್ತೆ. ನಾವು ಇದನ್ನೇ ಹಿಡಿದ್ವಿ, ಯಾಕಂದ್ರೆ ಹಳೇ ಪೆಟ್ಟಿಗೆಯಲ್ಲಿ ಒಂದಕ್ಷರವೂ ಬದಲಾಗಲ್ಲ.

ಕನ್ನಡದಲ್ಲಿ ಹೆಸರು ಬರೆಯೋರಿಗೆ ಇದರಲ್ಲಿ ಇನ್ನೊಂದು ಅನುಕೂಲ. ಅಕ್ಷರಗಳನ್ನ ಯಾವ ಕ್ರಮದಲ್ಲಿ ಜೋಡಿಸಬೇಕು ಅನ್ನೋದನ್ನ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಲಿನಕ್ಸ್‌ನಿಂದ ಕೇಳ್ಕೊಳ್ಳುತ್ತೆ. ಲಿನಕ್ಸ್ ಬದಲಾದ್ರೆ ಆ ಕ್ರಮವೂ ಬದಲಾಗಬಹುದು. 2018ರಲ್ಲಿ ಬಂದ ಜಿಲಿಬ್‌ಸಿ 2.28ರಲ್ಲಿ ಹೀಗೆ ಆಗಿ ಎಷ್ಟೋ ಕಡೆ ಇಂಡೆಕ್ಸ್ ಕೆಟ್ಟಿದ್ವು. ಇಂಡೆಕ್ಸ್ ಕೆಟ್ರೆ ರಂಗಮ್ಮನ ಖಾತೆ ಒಳಗೇ ಇದ್ರೂ ಹುಡುಕಿದ್ರೆ 'ಇಲ್ಲ' ಅನ್ನುತ್ತೆ. ಆಗ ಕೂತೋರು ಏನ್ ಮಾಡ್ತಾರೆ? ಇನ್ನೊಂದು ಖಾತೆ ತೆಗೀತಾರೆ. ಡಂಪಿನಿಂದ ತುಂಬಿದ್ರೆ ಇಂಡೆಕ್ಸ್ ಹೊಸದಾಗೇ ಕಟ್ಟುತ್ತೆ, ಆ ಕಾಟ ಇಲ್ಲ.

ಮನೆಯ ಲ್ಯಾಪ್‌ಟಾಪ್‌ನಲ್ಲಿ ಎರಡು ಸಲ ತಾಲೀಮು ಮಾಡಿದೆ. ತುಂಬಿದ ಮೇಲೆ ಎರಡೂ ಕಡೆ ಸಾಲು ಎಣಿಸಿದೆ, ವರ್ಷವಾರು ಕ್ವಿಂಟಾಲ್ ಕೂಡಿದೆ, ಮುಂಗಡದ ಬಾಕಿ ಪೈಸೆಗೆ ಪೈಸೆ ತಾಳೆ ನೋಡಿದೆ. ಐದು ಜನರ ಪಾಸ್‌ಬುಕ್ ತರಿಸಿ ಪರದೆ ಜೊತೆ ಹೋಲಿಸಿದೆ. ಮೊದಲ ಸಲ ತಿಂಗಳ ವರದಿ ತುಂಬಾ ನಿಧಾನ ಬಂತು. 'ಅನಲೈಸ್' ಅಂತ ಒಂದು ಆಜ್ಞೆ ಇದೆ, ಯಾವ ಟೇಬಲ್‌ನಲ್ಲಿ ಏನೆಷ್ಟಿದೆ ಅಂತ ಡೇಟಾಬೇಸ್ ಅಂದಾಜು ಹಾಕ್ಕೊಳ್ಳೋಕೆ. ಅದನ್ನ ಓಡಿಸಿದ ಮೇಲೆ ಸರಿಹೋಯ್ತು.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡಿದ್ದು ವಾಪಸ್ ಬರೋ ದಾರಿ ಬಗ್ಗೆ. ಹೊಸ ತಳಿ ಹಾಕುವಾಗ ಹಳೇ ಬಿತ್ತನೆ ಬೀಜ ಒಂದು ಮೂಟೆ ಎತ್ತಿಡ್ತೀವಿ, ಬರೀ ಅಷ್ಟೇ ಸಾಕಾಗಿದ್ರೆ ಸುಲಭವಿತ್ತು. ಇಲ್ಲಿ ತೊಡಕು ಬೇರೆ. ಹೊಸದರಲ್ಲಿ ಮೊದಲ ಎಂಟ್ರಿ ಬಿದ್ದ ಗಳಿಗೆಯಿಂದ ಹಳೇದು ಹಿಂದೆ ಬೀಳ್ತಾ ಹೋಗುತ್ತೆ. ಮೂರು ದಿನ ಬಿಟ್ಟು ವಾಪಸ್ ಬಂದ್ರೆ ಆ ಮೂರು ದಿನದ ಲೆಕ್ಕ ಹಳೇದರಲ್ಲಿ ಇರಲ್ಲ. 16ರಿಂದ ಡಂಪ್ ತೆಗೆದು 12ಕ್ಕೆ ತುಂಬೋಣ ಅಂದ್ರೆ ಅದಕ್ಕೆ ಗ್ಯಾರಂಟಿ ಇಲ್ಲ. ಬಿಲ್ಲಿಂಗ್‌ಗೆ ಮೈಎಸ್‌ಕ್ಯೂಎಲ್ ಇಟ್ಕೊಂಡಿರೋರಿಗೂ ಇದೇ ಮಾತು. 8.0ಕ್ಕೆ ಹೋದ ಮೇಲೆ ಅದೇ ಫೈಲುಗಳ ಮೇಲೆ 5.7 ಓಡಿಸೋಕಾಗಲ್ಲ, ಹೋಗೋಕೆ ಮುಂಚೆ ತೆಗೆದ ಬ್ಯಾಕಪ್ ಒಂದೇ ಗತಿ.

ಅದಕ್ಕೆ ನಾವು ಎರಡು ಕಟ್ಟುಪಾಡು ಹಾಕ್ಕೊಂಡ್ವಿ. ಬದಲಿಸಿದ ಮೇಲೆ ಹತ್ತು ದಿನ ಬರೋ ಪ್ರತಿ ಲೋಡನ್ನೂ ಪುಸ್ತಕದಲ್ಲೂ ಬರೀಬೇಕು. ಮೊದಲ ದಿನ ಬೆಳಿಗ್ಗೆ 11ರೊಳಗೆ ತೂಕ, ಮುಂಗಡ, ಬಿಲ್ಲು ಮೂರೂ ಸರಿಯಾಗಿ ಬರದಿದ್ರೆ ಚರ್ಚೆ ಇಲ್ಲ, ವಾಪಸ್. ಪುಸ್ತಕದ ಮಾತಿಗೆ ಹುಡುಗರು ನಕ್ಕರು, "ಅಣ್ಣ, ಕಂಪ್ಯೂಟರ್ ತಂದಿದ್ದು ಯಾಕೆ ಮತ್ತೆ?" ಅಂತ.

ಭಾನುವಾರ ಸಂಜೆ ಎಂಟ್ರಿ ನಿಲ್ಲಿಸಿ, ಡಂಪ್ ತೆಗೆದು, ಹಳೇ ಪೆಟ್ಟಿಗೆಯ ನೆಟ್‌ವರ್ಕ್ ವೈರ್ ಕಿತ್ತೆ, ಅದಕ್ಕೆ ಯಾರೂ ಬರೆಯೋ ಹಾಗಿರಬಾರದು ಅಂತ. ಹೊಸದಕ್ಕೆ ಅದೇ ವಿಳಾಸ ಕೊಟ್ಟೆ. ಸೋಮವಾರ ತೂಕ ಸರಿ, ಮುಂಗಡ ಸರಿ. ಪಕ್ಕದ ರೂಮಿನ ಬಿಲ್ ಮೆಷಿನ್ ಮಾತ್ರ ಒಳಗೇ ಹೋಗ್ತಿಲ್ಲ. ಪೋಸ್ಟ್‌ಗ್ರೆಸ್ 14ರಿಂದ ಪಾಸ್‌ವರ್ಡ್ ಕಾಪಾಡೋ ರೀತಿ ಬದಲಾಗಿದೆ, ಹಳೇ ಡ್ರೈವರ್‌ಗೆ ಆ ಭಾಷೆ ಬರಲ್ಲ. ಡ್ರೈವರ್ ಹೊಸದೇ ಅಂತ ಆ ಬಿಲ್ ಪ್ರೋಗ್ರಾಂ ಮಾಡಿಕೊಟ್ಟವರು ಎರಡು ಸಲ ಹೇಳಿದ್ರು, ನೋಡಿದ್ರೆ ಓಬೀರಾಯನ ಕಾಲದ್ದು. ಪಾಸ್‌ವರ್ಡ್ ಕಟ್ಟುನಿಟ್ಟು ಸಡಿಲ ಮಾಡಿದ್ರೆ ಆಗ್ತಿತ್ತು, ಫೋನಿನಲ್ಲಿ ಒಬ್ಬರು ಅದನ್ನೇ ಹೇಳಿದ್ರು. ಹೊರಗೆ ಗಾಡಿ ನಿಂತಿರುವಾಗ ಬೀಗ ಸಡಿಲ ಮಾಡೋ ಕೆಲಸ ನಾನು ಮಾಡಲ್ಲ.

11 ಆಯ್ತು. ಹೊಸದರ ವೈರ್ ಕಿತ್ತು ಹಳೇದಕ್ಕೆ ಹಾಕಿದ್ವಿ. ಬೆಳಿಗ್ಗೆಯಿಂದ ಬಂದಿದ್ದ ಒಂಬತ್ತು ಲೋಡನ್ನ ಪುಸ್ತಕ ನೋಡಿ ಮತ್ತೆ ಹೊಡೆದ್ವಿ, ಇಪ್ಪತ್ತು ನಿಮಿಷ ಹಿಡೀತು. ನಕ್ಕ ಹುಡುಗನೇ ಓದಿ ಹೇಳಿದ, ನಾನು ಹೊಡೆದೆ. ಯಾರ ಬಿಲ್ಲೂ ಮಾರನೇ ದಿನಕ್ಕೆ ಹೋಗಲಿಲ್ಲ.

ಎರಡು ವಾರ ಬಿಟ್ಟು, ಡ್ರೈವರ್ ಬದಲಿಸಿ, ಪಾಸ್‌ವರ್ಡ್ ಹೊಸದಾಗಿ ಕೊಟ್ಟು, ಬಿಲ್ ಮೆಷಿನ್ನಿನಿಂದಲೇ ಲ್ಯಾಪ್‌ಟಾಪ್‌ಗೆ ಒಂದು ಬಿಲ್ ಹೊಡೆದು ನೋಡಿ, ಹೊಸ ಡಂಪ್ ತೆಗೆದು ಮತ್ತೆ ಹೋದ್ವಿ. ಈಗ ಎಲ್ಲಾ 16ರಲ್ಲೇ ಓಡ್ತಿದೆ, 2028ರ ನವೆಂಬರ್ ತನಕ ರಿಪೇರಿ ಸಿಗುತ್ತೆ.

ಹಳೇ ಪೆಟ್ಟಿಗೆ ವೈರ್ ಇಲ್ಲದೆ ಬೀರುವಿನ ಪಕ್ಕದಲ್ಲಿದೆ, ದಯವಿಟ್ಟು ಯಾರೂ ಆನ್ ಮಾಡಬೇಡಿ. ವರ್ಷದ ಲೆಕ್ಕಪತ್ರ ಆಡಿಟ್ ಆಗೋ ತನಕ ಅಲ್ಲೇ ಇರುತ್ತೆ. ಕೊನೇ ಡಂಪಿನ ಎರಡು ಪ್ರತಿ ಮಾಡಿದ್ದೀನಿ, ಒಂದು ಗೋಡೌನ್ ಬೀರುವಿನಲ್ಲಿದೆ, ಇನ್ನೊಂದು ನಮ್ಮ ಮನೇಲಿ. ನಿಮ್ಮ ಖಾತೆ ತಾಳೆ ನೋಡಬೇಕು ಅನ್ನೋರು ಪಾಸ್‌ಬುಕ್ ತಗೊಂಡು ಯಾವ ಭಾನುವಾರ ಬೇಕಾದ್ರೂ ಬನ್ನಿ.