ಮಿದುಳಿನ ಕವಚಕ್ಕೆ ನೀರಿನ ಸಾಕ್ಷಿ

ವಿದ್ಯುತ್ ತಂತಿಗೆ ಪ್ಲಾಸ್ಟಿಕ್ ಹೊದಿಕೆಯಿರುವಂತೆ ಮಿದುಳಿನ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಕವಚವಿದೆ. ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗದಲ್ಲಿ ಅದು ಕಳಚುತ್ತದೆ. ಕಣ್ಣು ಮಂಜಾಗುತ್ತದೆ, ಕಾಲು ಸೋಲುತ್ತದೆ. ಇಲಿಯ ಆಹಾರದಲ್ಲಿ ಶೇಕಡಾ 0.2ರಷ್ಟು ಕುಪ್ರಿಝೋನ್ ಬೆರೆಸಿ ಐದಾರು ವಾರ ತಿನ್ನಿಸಿದರೆ ಅದರ ಕವಚವೂ ಕಳಚುತ್ತದೆ. ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಮತ್ತೆ ಬೆಳೆಯುತ್ತದೆ.

ಹಿಂದೆ ಇದನ್ನು ನೋಡಲು ಇಲಿಯನ್ನು ಕೊಲ್ಲಬೇಕಿತ್ತು. ಸತ್ತ ಇಲಿ ಚೇತರಿಸಿಕೊಂಡೀತೇ? ಎಂಆರ್‌ಐಯಲ್ಲಾದರೆ ಒಂದೇ ಇಲಿಯನ್ನು ವಾರವಾರವೂ ನೋಡಬಹುದು. ಇಲ್ಲಿ ಯಂತ್ರ ಗಮನಿಸುವುದು ನೀರಿನ ಚಲನೆಯನ್ನು. ಕವಚವಿದ್ದಲ್ಲಿ ನೀರು ತಂತುವಿನ ಉದ್ದಕ್ಕೇ ಹೆಚ್ಚು ಸರಿದಾಡುತ್ತದೆ. ಕಳಚಿದಲ್ಲಿ ಅಡ್ಡಕ್ಕೂ ನುಸುಳುತ್ತದೆ. ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ತಂಡ 2005ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿತು. ಆದರೆ ಊತ ಬಂದರೂ ನೀರಿನ ನಡೆ ಬದಲಾಗುತ್ತದೆ. ಹಾಗಾಗಿ ಸೂಕ್ಷ್ಮದರ್ಶಕಕ್ಕೆ ಇನ್ನೂ ರಜೆಯಿಲ್ಲ.

ರೋಗಿಯಲ್ಲಿ ಕವಚದ ರಿಪೇರಿ ಹಲವೊಮ್ಮೆ ಅರ್ಧಕ್ಕೇ ನಿಲ್ಲುತ್ತದೆ. ಹೊಸ ಔಷಧದಿಂದ ಅದು ಬೆಳೆಯಿತೇ ಎಂದು ತಲೆಬುರುಡೆ ತೆರೆಯದೆ ಹೇಳಬೇಕಾಗಿರುವುದು ಅವರಿಗೇ.