ಟರ್ಬೋನಾ, ಸೂಪರ್‌ಚಾರ್ಜರಾ?

ನನ್ನ ಕಾರಿಗೆ ಇನ್ನಷ್ಟು ದಮ್ಮು ಬೇಕಿತ್ತು. ಸೂಪರ್‌ಚಾರ್ಜರ್ ಎಂಜಿನ್ನಿನ ಬೆಲ್ಟಿನಿಂದ ತಿರುಗುತ್ತೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಎಳೆತ, ಆದರೆ ಎಂಜಿನ್ನಿನ ಶಕ್ತಿಯನ್ನೇ ಸ್ವಲ್ಪ ತಿನ್ನುತ್ತೆ. ಟರ್ಬೋ ತಿರುಗೋದು ಹೊರಹೋಗುವ ಹೊಗೆಯಿಂದ; ಒತ್ತಡ ಏರೋಕೆ ಅರೆಕ್ಷಣ ಕಾಯಬೇಕು.

ರಾಣೆಬೆನ್ನೂರು–ಹಾವೇರಿ ಹೆದ್ದಾರಿಯಲ್ಲಿ ಆ ಅರೆಕ್ಷಣ ಗೊತ್ತೇ ಆಗಲ್ಲ. ಮೋಟೆಬೆನ್ನೂರಲ್ಲಿ ಬ್ಯಾಡಗಿ ಕಡೆ ತಿರುಗಿದರೆ ಮಾತ್ರ ಮೆಣಸಿನಕಾಯಿ ಚೀಲದ ಟ್ರ್ಯಾಕ್ಟರ್ ಹಿಂದೆ ಎರಡನೇ ಗೇರು! ಅಲ್ಲಿ ಸೂಪರ್‌ಚಾರ್ಜರೇ ಸರಿ ಅನ್ಸುತ್ತೆ.

“ಯಾವ್ದರ ಹಾಕಸಪಾ, ಎದುರಿಗೆ ಲಾರಿ ಬಂದ್ರ ಹಿಂದನ ನಿಂದ್ರಬೇಕು,” ಅಂದ್ರು ಅಪ್ಪ.

ಹೊರಗಿನ ಕಿಟ್ ಕೂರಿಸೋಕೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡ ಬರುತ್ತೆ, ವಿಮೆಯದ್ದೂ ತಲೆನೋವು. ಹಾಗಾಗಿ ಕಂಪನಿಯಿಂದಲೇ ಟರ್ಬೋ ಬರುವ ಸಣ್ಣ ಪೆಟ್ರೋಲ್ ಕಾರು ನೋಡ್ತಿದೀನಿ. ಟೆಸ್ಟ್ ಡ್ರೈವ್ ಬ್ಯಾಡಗಿ ರಸ್ತೆಯಲ್ಲೇ, ಪಕ್ಕದ ಸೀಟಲ್ಲಿ ಅಪ್ಪ.