ಕೆಟ್ಟ ಯಂತ್ರದೊಳಗಿನ ಪತ್ರ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಬಹಳ ವರ್ಷ ನಾನು ಪ್ರಬೋಧನೆಗಿಂತ ಹೆಚ್ಚಾಗಿ ಅನ್ಯರ ಪತ್ರಗಳನ್ನೇ ಬರೆದಿದ್ದೇನೆ. ಪಿಂಚಣಿಯ ಅರ್ಜಿ, ಪಹಣಿಯ ತಿದ್ದುಪಡಿ, ಕಾಫಿಸೀಮೆಗೆ ಗುಳೆ ಹೋದ ಮಕ್ಕಳಿಗೆ ಊರಿನ ಸುದ್ದಿ. ಮೊಬೈಲು ಬಂದ ಮೇಲೆ ಸುದ್ದಿಯ ಪತ್ರಗಳು ನಿಂತವು; ಅರ್ಜಿಗಳು ನಿಲ್ಲಲಿಲ್ಲ. ಎಲ್ಲವೂ 2012ರಲ್ಲಿ ಕೊಂಡ ಒಂದು ಲ್ಯಾಪ್‌ಟಾಪಿನಲ್ಲಿದ್ದವು. ಹರಪನಹಳ್ಳಿಯವರ ಅರ್ಜಿಗಳ ತಲೆಬರಹವೊಂದೇ ಒಂದು ಇತಿಹಾಸ. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿದ ಆ ತಾಲ್ಲೂಕು ಮರಳಿ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಯ ಪಾಲಾಯಿತು. ಜನ ಇದ್ದಲ್ಲೇ ಇದ್ದರು, ವಿಳಾಸ ಮಾತ್ರ ಅಲೆಯಿತು.

2022ರ ಫೆಬ್ರವರಿಯಲ್ಲಿ ಕೂಡ್ಲಿಗಿ ಬಳಿಯ ಹಳ್ಳಿಯ ಹಿರಿಯರೊಬ್ಬರು ಮಗನಿಗೊಂದು ಪತ್ರ ಬರೆಸಲು ಬಂದರು. 2003ರ ಬರದಲ್ಲಿ ಅವರು ಎತ್ತುಗಳನ್ನು ಮಾರಿದ್ದರು. ಅದೇ ಜಗಳದಲ್ಲಿ ಮಗ ಮನೆ ಬಿಟ್ಟಿದ್ದ. ಫೋನು ಮಾಡಬಾರದೇ ಎಂದೆ. “ಫೋನಾಗೆ ಅವ್ನು ನನ್ನ ಮಾತು ಪೂರಾ ಕೇಳಲ್ಲ ಸ್ವಾಮೇರೇ. ಕಾಗದಾದ್ರೆ ಹರಿಯೋಕೆ ಮುಂಚೆ ಒಂದ್ಸಲನಾದ್ರೂ ಓದ್ತಾನೆ” ಎಂದರು. ಅವರು ಹೇಳುತ್ತಾ ಹೋದರು, ನಾನು ಟೈಪು ಮಾಡಿದೆ. ಪ್ರಿಂಟರಿನಲ್ಲಿ ಶಾಯಿ ಇರಲಿಲ್ಲ. ಮುಂದಿನ ವಾರ ಹಡಗಲಿಗೆ ಹೋದಾಗ ಮುದ್ರಿಸಿ ತರುವೆನೆಂದೆ. ಹಡಗಲಿಗೆ ಎರಡು ಬಾರಿ ಹೋಗಿಬಂದೆ. ಪರಿಚಿತರ ಮನೆಗೆ ಮಲ್ಲಿಗೆ ತಂದೆ, ಪತ್ರ ಮರೆತೆ. ಮಾರ್ಚಿನಲ್ಲಿ ಅವರು ತೀರಿಕೊಂಡರು. ಏಪ್ರಿಲಿನಲ್ಲಿ ಲ್ಯಾಪ್‌ಟಾಪು ಮೇಜಿನಿಂದ ಬಿತ್ತು.

ಬಿದ್ದ ಮೇಲೆ ಅದು ಟಕ್ ಟಕ್ ಎಂದು ಸದ್ದು ಮಾಡತೊಡಗಿತು. ಹಾರ್ಡ್ ಡಿಸ್ಕಿನೊಳಗೆ ಕನ್ನಡಿಯಂಥ ತಟ್ಟೆಗಳು ನಿಮಿಷಕ್ಕೆ 5,400 ಸುತ್ತು ತಿರುಗುತ್ತವೆ. ಓದುವ ಮೊನೆ ಅವುಗಳನ್ನು ಮುಟ್ಟದೆ, ಕೂದಲೆಳೆಗಿಂತ ಎಷ್ಟೋ ಪಾಲು ಕಡಿಮೆ ಅಂತರದಲ್ಲಿ ತೇಲುತ್ತದೆ. ಆ ಸದ್ದೆಂದರೆ ಮೊನೆ ತನ್ನ ದಾರಿ ಕಾಣದೆ ತಡವರಿಸುತ್ತಿದೆ ಎಂದರ್ಥ. ಪ್ರತಿ ಬಾರಿ ಚಾಲೂ ಮಾಡಿದಾಗಲೂ ಅದು ತಟ್ಟೆಯನ್ನು ಗೀರಬಹುದು. ನನಗೆ ಇದಾವುದೂ ತಿಳಿದಿರಲಿಲ್ಲ. ಎರಡು ದಿನ, ಹತ್ತಿಪ್ಪತ್ತು ಬಾರಿಯಾದರೂ, ಪ್ರಾರ್ಥನೆ ಮಾಡುತ್ತಲೇ ಗುಂಡಿ ಒತ್ತಿದೆ. ರಿಪೇರಿಯ ಹುಡುಗನೊಬ್ಬ ಕೇಳಿ ನಕ್ಕ: “ಮೊದಲನೇ ಸಲಕ್ಕೇ ಬಿಟ್ಟಿದ್ರೆ ಸುಲಭ ಇತ್ತು ಫಾದರ್.” ಲ್ಯಾಪ್‌ಟಾಪು ಮಾತ್ರ ಕೆಟ್ಟು ಡಿಸ್ಕು ನೆಟ್ಟಗಿದ್ದರೆ ಅದನ್ನು ಹೊರತೆಗೆದು ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಸಾಕಂತೆ. ನನ್ನದು ಆ ಹಂತ ದಾಟಿತ್ತು.

ಮೇ ತಿಂಗಳಲ್ಲಿ ಆ ಮಗ ಊರಿಗೆ ಬಂದ. ತಾಯಿ ನನ್ನಲ್ಲಿಗೆ ಬಂದು, “ನಮ್ಮನೇರು ಹೇಳಿದ್ದು ನಿಮ್ ಮಿಷಿನ್ನಾಗೆ ಐತಂತಲ್ಲ ಸ್ವಾಮೇರೇ?” ಎಂದು ಕೇಳಿದರು. ಇದೆ ಎಂದೆ. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಡಿಸ್ಕು ಬೆಂಗಳೂರಿಗೆ ಹೋಯಿತು. ಧೂಳಿಲ್ಲದ ಕೋಣೆಯಲ್ಲಿ ಅದನ್ನು ತೆರೆದು, ಅದೇ ಮಾದರಿಯ ಇನ್ನೊಂದು ಡಿಸ್ಕಿನ ಮೊನೆಯನ್ನು ಜೋಡಿಸಿ, ಮೊದಲು ಇಡೀ ತಟ್ಟೆಯ ಪ್ರತಿ ತೆಗೆದು, ಆಮೇಲೆ ಆ ಪ್ರತಿಯಲ್ಲೇ ಹುಡುಕುವುದು ಅಲ್ಲಿಯ ಕ್ರಮ. ಪರರ ಕೈಗೆ ಕೊಡಲು ನನಗೆ ಅಳುಕಿತ್ತು. ಪಾಪನಿವೇದನೆಯ ವಿಷಯವನ್ನು ಯಾವ ಗುರುವೂ ಎಲ್ಲಿಯೂ ಬರೆದಿಡುವುದಿಲ್ಲ. ಆದರೆ ಜನರ ಸಾಲ, ಸಂಸಾರ, ಕಣ್ಣೀರು ಆ ಅರ್ಜಿಗಳಲ್ಲಿದ್ದವು. ಒಂದು ತಿಂಗಳ ಮೇಲೆ ಪೆನ್‌ಡ್ರೈವೊಂದರಲ್ಲಿ ಸಾವಿರಾರು ಕಡತಗಳು ಮರಳಿ ಬಂದವು. ಹೆಸರುಗಳಿರಲಿಲ್ಲ, ಬರಿಯ ಸಂಖ್ಯೆಗಳು.

ತೆರೆದು ನೋಡಿದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಟೋಪಿ, ಬಾಲ ಹಚ್ಚಿದಂಥ ಸಾಲುಗಳು. ನಾನು ಹಳೆಯ ರೂಢಿಯಂತೆ ನುಡಿ ತಂತ್ರಾಂಶದ ಹಳೆಯ ಅಕ್ಷರಗಳಲ್ಲೇ ಬರೆಯುತ್ತಿದ್ದೆ. ಆ ಫಾಂಟ್ ಇಲ್ಲದ ಕಂಪ್ಯೂಟರಿಗೆ ಅದು ಕನ್ನಡವೆಂದೇ ಗೊತ್ತಾಗದು. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ ನಮ್ಮಂಥವರು ಅತ್ತ ಹೊರಳಲು ಸೋಮಾರಿಗಳಾದೆವು. 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂದ ಗ್ರಂಥಲಿಪಿಯ ತಾಳೆಗರಿಯೊಂದು ಕೌಟಿಲ್ಯನ ಅರ್ಥಶಾಸ್ತ್ರವೆಂದು ಗುರುತಿಸಿದವರು ಆರ್. ಶಾಮಶಾಸ್ತ್ರಿಗಳು, ಅದು ಅಚ್ಚಾದದ್ದು 1909ರಲ್ಲಿ. ಗರಿ ಉಳಿದರಷ್ಟೇ ಸಾಲದು, ಲಿಪಿ ಬಲ್ಲವನೂ ಬೇಕು. ನನಗೆ ಸಿಕ್ಕ ಶಾಸ್ತ್ರಿ ಹಗರಿಬೊಮ್ಮನಹಳ್ಳಿಯ ಡಿಟಿಪಿ ಅಂಗಡಿಯ ಹೆಣ್ಣುಮಗಳು. ಆಕೆ ಫಾಂಟ್ ಹಾಕಿದಳು. ಕಣ್ಣೆದುರೇ ಅಕ್ಷರ ಮೂಡಿತು.

ಮೊದಲು ಸಿಕ್ಕಿದ್ದು ನಾನೇ ಅಳಿಸಿಹಾಕಿದ್ದ ಪತ್ರ. ವರ್ಷಗಳ ಹಿಂದೆ ಸಿಟ್ಟಿನಲ್ಲಿ ನನ್ನ ಹಿರಿಯರೊಬ್ಬರಿಗೆ ಬರೆದು, ಕಳಿಸದೆ ಅಳಿಸಿದ್ದೆ. ಇಂಥ ಡಿಸ್ಕಿನಲ್ಲಿ ಅಳಿಸುವುದೆಂದರೆ ಪುಸ್ತಕದ ಪರಿವಿಡಿಯಿಂದ ಹೆಸರು ಹೊಡೆದುಹಾಕಿದಂತೆ. ಬೇರೆ ಬರಹ ಅದರ ಮೇಲೆ ಬೀಳುವವರೆಗೆ ಪುಟ ಹಾಗೆಯೇ ಇರುತ್ತದೆ. ಹುಡುಗಿ ಓದದಿರಲೆಂದು ಬೇಗನೆ ಮುಚ್ಚಿದೆ. ಮೂರು ಸಂಜೆ ಹುಡುಕಿದ ಮೇಲೆ ಮುದುಕರ ಪತ್ರ ಸಿಕ್ಕಿತು. ಒಂದೂವರೆ ಪುಟದಲ್ಲಿ ಒಂದು ಪುಟ.

ಅದನ್ನು ಮುದ್ರಿಸಿಕೊಂಡು ಅಂದೇ ಹೋದೆ. ತಾಯಿ, ಮಗ ಕಟ್ಟೆಯ ಮೇಲೆ ಕುಳಿತಿದ್ದರು. ಮಗ ಓದಿದ. ಮತ್ತೊಮ್ಮೆ ಓದಿದ. “ಸಿಟ್ಟಾಗಬೇಡ್ರಿ ಫಾದರ್, ಇದು ನಮ್ಮಪ್ಪ ಮಾತಾಡಿದಂಗಿಲ್ಲ” ಎಂದ.

ಕಾಗದ ತೆಗೆದುಕೊಂಡು ನೋಡಿದೆ. ‘ಪ್ರೀತಿಯ ಪುತ್ರನೇ’, ‘ನನ್ನ ಅಂತಃಕರಣವು ವ್ಯಾಕುಲಗೊಂಡಿದೆ’. ಗುರುಮಠದಲ್ಲಿ ಕಲಿತ ಕನ್ನಡ! ಆತನ ತಂದೆ ವ್ಯಾಕುಲವೆಂಬ ಮಾತನ್ನು ಜನ್ಮದಲ್ಲಿ ಆಡಿರಲಾರರು. ಅವರು ಏನೆಂದಿದ್ದರೆಂದು ನೆನಪಿಸಿಕೊಳ್ಳಲು ಹೆಣಗಿದೆ. ನನ್ನ ವಾಕ್ಯಗಳೇ ಎದುರು ನಿಂತವು. ಡಿಸ್ಕನ್ನು ನಾನು ಕೆಡಿಸಿದ್ದು ಏಪ್ರಿಲಿನಲ್ಲಿ. ಆ ಮಾತನ್ನು ಫೆಬ್ರವರಿಯಲ್ಲೇ ಕೆಡಿಸಿದ್ದೆ. ಕ್ಷಮಿಸೆಂದು ಕೇಳಿದೆ. ಆತ ಏನೂ ಅನ್ನದೆ ಕಾಗದವನ್ನು ಮರಳಿ ತೆಗೆದುಕೊಂಡು ಪುಟದ ಕೊನೆಗೆ ಬೆರಳಿಟ್ಟ. ಅಂದು ಊಟದ ಹೊತ್ತು ಮೀರಿತ್ತೋ ಏನೋ, ಆ ಒಂದು ಸಾಲನ್ನು ನಾನು ತಿದ್ದಿರಲಿಲ್ಲ.

“ಕರೇ ಎತ್ತಿನ ಕೊಳ್ಳಾಗಿನ ಗಂಟೆ ಮಾರಿಲ್ಲಪ್ಪಾ, ಅಟ್ಟದ ಮ್ಯಾಲೈತೆ.”

ಆತ ಎದ್ದು ಒಳಗೆ ಹೋದ. ಏಣಿ ಪಕ್ಕದ ಮನೆಯವರು ಒಯ್ದಿದ್ದಾರೆಂದು ತಾಯಿ ಹಿಂದಿನಿಂದ ಕೂಗಿ ಹೇಳಿದರು.